ಸಾಂಬಾರಿನ ಮೂರನೇ ವರ್ಷನ್

ನಮ್ಮ ಡೊಂಬಿವಲಿಯ ಮನೆಯಲ್ಲಿ ಇರುವುದು ನಾವಿಬ್ಬರೇ, ನಾನು ದೇಜಪ್ಪ, ನನ್ನ ಹೆಂಡತಿ ಮೋಹಿನಿ. ಆದರೂ ಮೂರು ತಿಂಗಳಿಂದ ಊಟಕ್ಕೆ ಇನ್ನೊಬ್ಬ ಬಂದು ಕೂರುತ್ತಿದ್ದಾನೆ. ಅವನು ಮುರಾರಿ. (ಸಶರೀರವಾಗಿ ಅಲ್ಲ, ನನ್ನ ಧರ್ಮಪತ್ನಿಯ ಬಾಯಲ್ಲಿ.)

ಮೋಹಿನಿಗೆ ಠಾಣೆ-ಬೇಲಾಪುರ ರಸ್ತೆಯ ಕಾರ್ಖಾನೆಯೊಂದರಲ್ಲಿ ಕಂಪ್ಯೂಟರ್ ಕೆಲಸ. ಚಪ್ಪಲಿ ಕಳಚಿಟ್ಟು ಒಳಗೆ ಹೋಗುವ ಏಸಿ ಕೋಣೆ. ಮುರಾರಿಯೂ ಅಲ್ಲೇ. ನಾನೋ, ಠಾಣೆಯ ಹೋಟೆಲಿನಲ್ಲಿ ಮ್ಯಾನೇಜರ್. ನನ್ನ ಕೋಣೆಗೆ ಏಸಿ ಹಾಗಿರಲಿ, ಕೋಣೆಯೇ ಇಲ್ಲ.

ಒಂದು ಶನಿವಾರ ಮೋಹಿನಿ ಅಡುಗೆಮನೆಯ ಮೊಳೆಗೆ ನೋಟುಪುಸ್ತಕವೊಂದನ್ನು ತೂಗುಹಾಕಿದಳು.

"ಎಂತದಿದು?"

"ವರ್ಷನ್ ಕಂಟ್ರೋಲ್. ಸೋಮವಾರ ಆರು ಜನ ಹೊಸಬರಿಗೆ ನಾನು ಕಲಿಸ್ಬೇಕು. ನೋಡಿ ಮಾರಾಯ್ರೆ, ಒಂದೇ ಪ್ರೋಗ್ರಾಮಿಗೆ ಐದು ಜನ ಕೈ ಹಾಕ್ತಾರೆ. ಒಬ್ಬ ಎಂತದೋ ಬದಲಾಯಿಸ್ತಾನೆ, ಸರಿ ಇದ್ದದ್ದೂ ಕೆಡ್ತದೆ. ಅದಕ್ಕೆ ಹಳೇದನ್ನು ಅಳಿಸ್ಲಿಕ್ಕಿಲ್ಲ. ಯಾರು ಬದಲಾಯಿಸಿದ್ದು, ಎಂತ, ಯಾಕೆ, ಎಲ್ಲ ಬರೆದಿಡೋದು. ಹಾಳಾದ್ರೆ ಹಿಂದಿನದ್ದಕ್ಕೆ ವಾಪಸ್ ಹೋಗ್ಬಹುದು. ಮನೆಯ ಉದಾಹರಣೆ ಕೊಡಿ ಅಂತ ಮುರಾರಿ ಹೇಳಿದ್ರು, ಅದಕ್ಕೆ ಸೌತೆಕಾಯಿ ಸಾಂಬಾರು ಬರೆದಿದ್ದೇನೆ."

ನನ್ನ ಸಾಂಬಾರಿಗೂ ಮುರಾರಿಯೇ ಸೂತ್ರಧಾರ! ಪುಸ್ತಕ ತೆರೆದೆ. ಮೊದಲನೇ ವರ್ಷನ್ ಎಂದಿನ ಸಾಂಬಾರು. ಎರಡನೆಯದರಲ್ಲಿ ಹೀಗಿತ್ತು: 'ಬೆಲ್ಲ ಕಡಿಮೆ. ಬದಲಾಯಿಸಿದವರು: ಮೋಹಿನಿ. ಕಾರಣ: ನನ್ನ ಊಟದ ಡಬ್ಬಿಯ ರುಚಿ ನೋಡಿ ಮುರಾರಿ ಹೇಳಿದ್ದು.'

ಮದುವೆಯಾಗಿ ಹನ್ನೆರಡು ವರ್ಷ. "ಬೆಲ್ಲ ಕಡಿಮೆ ಮಾಡು ಮಾರಾಯ್ತಿ" ಎಂದು ನಾನು ಬಾಯಿ ನೋಯುವಷ್ಟು ಹೇಳಿದ್ದೇನೆ. ನನ್ನ ಮಾತು ಒಲೆಯ ಬೂದಿಗೆ ಸಮ, ಅವನದು ಶಿಲಾಶಾಸನ! ನನಗೆ ಹೊಟ್ಟೆಕಿಚ್ಚು ಎಂದು ಯಾರಾದರೂ ಹೇಳಿದರೆ ಅಲ್ಲ ಎನ್ನುವುದಿಲ್ಲ. ಆ ಕಿಚ್ಚಿನಲ್ಲಿ ಬೇಕಾದರೆ ಹೋಟೆಲಿನ ಇಡ್ಲಿಯನ್ನೆಲ್ಲ ಬೇಯಿಸಬಹುದಿತ್ತು.

ಸೋಮವಾರ ನನಗೆ ರಜೆ. ಬೆಳಕು ಹರಿಯುವ ಮೊದಲೇ ಎದ್ದು ನಾನೇ ಸಾಂಬಾರು ಮಾಡಿ ಅವಳ ಡಬ್ಬಿಗೆ ತುಂಬಿದೆ. ಪುಸ್ತಕದಲ್ಲಿ ಮೂರನೇ ವರ್ಷನ್ನೂ ಬರೆದೆ: 'ಬೆಲ್ಲ ಎರಡು ಅಚ್ಚು, ಮೆಣಸು ಒಂದು ಮುಷ್ಟಿ. ಬದಲಾಯಿಸಿದವರು: ದೇಜಪ್ಪ. ಕಾರಣ: ನನ್ನ ಹೆಂಡತಿಯ ಸಾಂಬಾರಿನಲ್ಲಿ ಪರಪುರುಷನ ನಾಲಗೆ ಬೇಡ. ಇನ್ನೊಮ್ಮೆ ಡಬ್ಬಿಗೆ ಕೈ ಹಾಕಿದರೆ ಸುಟ್ಟುಕೊಳ್ಳಲಿ.' ಮೋಹಿನಿ ಓದಿ ನಾಚಿಕೊಳ್ಳಲಿ ಎಂದೇ ಬರೆದದ್ದು.

ಅವಳು ಗಡಿಬಿಡಿಯಲ್ಲಿ ಹೊರಟುಹೋದಳು. ಹತ್ತು ಗಂಟೆಗೆ ಚಹಾ ಕಾಸಲು ಒಳಗೆ ಹೋದವನು ಮೊಳೆ ನೋಡಿದೆ. ಪುಸ್ತಕವಿರಲಿಲ್ಲ. ಪಾಠಕ್ಕೆ ಹೋಗಿತ್ತು!

ಸಂಜೆ ಮೋಹಿನಿ ನಗುತ್ತಲೇ ಮೆಟ್ಟಿಲು ಹತ್ತಿದಳು.

"ಮೂರನೇ ವರ್ಷನ್ ಮುರಾರಿಯೇ ದೊಡ್ಡದಾಗಿ ಓದಿದ್ರು. ಕಾರಣ ಯಾಕೆ ಬರೀಬೇಕು ಅಂತ ಹೊಸಬರಿಗೆ ಒಂದೇ ಏಟಿಗೆ ತಿಳೀತು. ನಿಮಗೆ ಥ್ಯಾಂಕ್ಸ್ ಹೇಳ್ಲಿಕ್ಕೆ ಹೇಳಿದ್ದಾರೆ."

"ಅವನು... ಸಾಂಬಾರು ತಿಂದನಾ?"

"ಇಲ್ಲಪ್ಪ, ಅವರಿಗೆ ಸೋಮವಾರ ಉಪವಾಸ. ಹೊಸಬರಿಗೆ ಒಂದೊಂದು ಚಮಚ ಕೊಟ್ಟೆ. ಹಿಂದಿನ ವರ್ಷನ್ನಿಗೆ ಯಾಕೆ ವಾಪಸ್ ಹೋಗ್ಬೇಕು ಅಂತ ಎರಡನೇ ಸಲ ಹೇಳ್ಬೇಕಾಗ್ಲಿಲ್ಲ."

"ಆ ಹಾಳೆ ಹರಿದುಹಾಕು, ಮೋಹಿನಿ!"

"ಹರೀಲಿಕ್ಕಿಲ್ಲ. ಪಾಠವೇ ಅದಲ್ವಾ?"

ಅವಳು ಎರಡನೇ ವರ್ಷನ್ನಿನ ಸಾಂಬಾರು ಮಾಡಿ ಬಡಿಸಿದಳು. ಒಂದು ತುತ್ತನ್ನೂ ಮೆಚ್ಚಬಾರದು ಎಂದು ಹಲ್ಲು ಕಚ್ಚಿ ಕೂತೆ. ಆದರೆ ಬೆಲ್ಲ ಹದವಾಗಿತ್ತು, ಹುಳಿ ಹದವಾಗಿತ್ತು. ಕೈ ನನ್ನ ಮಾತು ಕೇಳಲಿಲ್ಲ. ಮೂರನೇ ಸಲ ಅನ್ನ ಹಾಕಿಸಿಕೊಂಡೆ.

ಮೋಹಿನಿ ಬ್ಯಾಗಿನಿಂದ ಪುಸ್ತಕ ತೆಗೆದು ಏನೋ ಬರೆದು, ಪೆನ್ಸಿಲ್ ಸಮೇತ ನನ್ನ ತಟ್ಟೆಯ ಪಕ್ಕ ಇಟ್ಟಳು: 'ನಾಲ್ಕನೇ ವರ್ಷನ್: ಪುನಃ ಎರಡನೆಯದೇ. ಕಾರಣ: ಮುರಾರಿ ಹೇಳಿದ್ದೇ ಸರಿ. ಒಪ್ಪಿದವರು:'

"ಸೈನ್ ಹಾಕಿ" ಎಂದಳು. "ಅಲ್ಲಿ ತನಕ ಮಜ್ಜಿಗೆ ಇಲ್ಲ."

ಹಾಕಿದೆ.