ನೀರು ನೋಡಲು ಬಂದವನು

ಗಂಡಿನ ಕಡೆಯವರು ನೀರು ಕುಡಿಯಲಿಲ್ಲ. ತಕರಾರು ಶುರುವಾದದ್ದೇ ಅಲ್ಲಿಂದ.

ಶಿರಗುಪ್ಪಿಯ ಶಿದ್ದಪ್ಪನ ಮಗಳು ಗೀತಾಂಜಲಿಯನ್ನು ನೋಡಲು ಬಂದಿದ್ದ ವರನ ಸೋದರತ್ತೆ ಸಂಗವ್ವ ತಂಬಿಗೆಯನ್ನು ಅತ್ತ ಸರಿಸಿದಳು. "ಈ ಕಡೀ ನೀರಾಗ ಫ್ಲೋರೈಡ್ ಐತಂತ. ಹಲ್ಲು ಹಳದಿ ಆಗತಾವಂತ. ನಾವು ಮನೀ ನೀರು ತಂದೇವಿ."

ಎಲ್ಲರೂ ಗೀತಾಂಜಲಿಯ ಬಾಯಿ ನೋಡಿದರು. ಅವಳು ಬಾಯಿ ಮುಚ್ಚಿಕೊಂಡಳು.

ಆ ಹೊತ್ತಿಗೆ ಓಣಿಯ ಬೋರಿನ ಮುಂದೆ ನೀರು ಪರೀಕ್ಷೆಯ ನೌಕರ ಅಂಬರೀಷ ಕುಕ್ಕರುಗಾಲಲ್ಲಿ ಕೂತಿದ್ದ. ಇಲಾಖೆ ಆ ವರ್ಷವಷ್ಟೇ ಕೊಟ್ಟಿದ್ದ, ಟಿಫಿನ್ ಡಬ್ಬಿಯಷ್ಟು ದೊಡ್ಡ ಮೀಟರು ಅವನ ಕೈಯಲ್ಲಿತ್ತು. ಶಿದ್ದಪ್ಪ ಅವನ ರಟ್ಟೆ ಹಿಡಿದು, ತಪ್ಪಿಸಿಕೊಂಡ ಕರು ಸಿಕ್ಕಂತೆ ಮನೆಯೊಳಗೆ ಎಳೆದುತಂದ.

"ಸಾಹೇಬ್ರ, ನಮ್ಮ ನೀರು ಛಲೋ ಐತಂತ ಒಂದ್ ಮಾತು ಹೇಳ್ರಿ."

"ನಾ ಹೇಳಂಗಿಲ್ರಿ. ಮಷೀನ್ ಹೇಳತೈತಿ."

ಮೀಟರಿನ ಕಡ್ಡಿ ತಂಬಿಗೆಗೆ ಇಳಿಯಿತು. ಸೊನ್ನೆ ಪಾಯಿಂಟ್ ಏಳು.

"ಫ್ಲೋರೈಡ್ ಒಂದೂವರಿ ತನಕ ನಡೀತೈತ್ರಿ. ಇದು ಛಲೋ ನೀರು."

ಬಾಗಿಲಲ್ಲಿ ನಿಂತಿದ್ದ ಪಕ್ಕದ ಮನೆಯ ರೆಹಮತ್‌ಬಿ ಸುಮ್ಮನಿರಲಿಲ್ಲ. "ಹಂಗಾರ ಅವರ ಬಾಟಲೀನೂ ನೋಡ್ರಲಾ."

ಮೂರು ಪಾಯಿಂಟ್ ಎರಡು.

"ನಿಮ್ಮ ಮಷೀನ್ ಕೆಟ್ಟೈತಿ!" ಎಂದಳು ಸಂಗವ್ವ. ಅಂಬರೀಷನಿಗೆ ಅವಮಾನವಾಯಿತು. ಕಡ್ಡಿ ತೊಳೆದು ಎರಡನ್ನೂ ಮತ್ತೆ ನೋಡಿದ. ಅಂಕಿ ಕದಲಲಿಲ್ಲ. ಬಂದಾಗಿನಿಂದ ತುಟಿ ಬಿಚ್ಚದ ವರನಿಗೆ ರೆಹಮತ್‌ಬಿ, "ತಮ್ಮಾ, ಒಮ್ಮೆ ನಕ್ಕ ತೋರಸಪಾ" ಎಂದಳು. ಅವನು ನಗಲಿಲ್ಲ. ಸಂಬಂಧ ಅವಲಕ್ಕಿಗೇ ಮುಗಿಯಿತು.

ಇನ್ನು ತನಗೆ ಏಟು ಬೀಳುವುದೇ ಸೈ ಎಂದು ಅಂಬರೀಷ ಡಬ್ಬಿ ಕಟ್ಟಿಕೊಳ್ಳುತ್ತಿದ್ದಾಗ ಗೀತಾಂಜಲಿ ತಾನೇ ಚಹಾ ತಂದಳು. ನಗುತ್ತಿದ್ದಳು.

"ಬಿ.ಎಡ್. ಮುಗಿಸೂ ತನಕ ಲಗ್ನ ಬ್ಯಾಡ ಅಂತ ಹತ್ತ ಸಲ ಹೇಳೇನ್ರಿ. ನನ್ನ ಮಾತು ಯಾರೂ ಕೇಳಲಿಲ್ಲ, ನಿಮ್ಮ ಮಷೀನ್ ಮಾತು ಕೇಳಿದ್ರು ನೋಡ್ರಿ."

ಅಂಬರೀಷನ ಅರ್ಧ ಚಹಾ ಬಸಿಗೆ ಚೆಲ್ಲಿತು. ಶಿದ್ದಪ್ಪ ಅದನ್ನು ಗಮನಿಸಿದ.

"ಲಗ್ನ ಆಗೇತೇನ್ರಿ?"

"ಇಲ್ರಿ."

"ಎಲ್ಲಿರತೀರಿ?"

"ಹುಬ್ಬಳ್ಳ್ಯಾಗ, ಬಾಡಗಿ ಮನ್ಯಾಗ್ರಿ. ಮಾಲಕರದು ಸ್ವಂತ ಬೋರ್ ಐತ್ರಿ. ದಿನಾ ನೀರು!"

ಶಿದ್ದಪ್ಪ ಪಗಾರ ಕೇಳಲಿಲ್ಲ, ಜಾತಕ ಕೇಳಲಿಲ್ಲ. ಅಂಬರೀಷ ಕುಡಿಯಲೆಂದು ತಂದಿದ್ದ ಬಾಟಲಿಯನ್ನು ಅವನದೇ ಚೀಲದಿಂದ ಎಳೆದು ಮುಂದಿಟ್ಟ.

"ನೋಡ್ರಿ."

ಆ ವರ್ಷ ಇನ್ನೂರು ಬೋರಿನ ನೀರು ನೋಡಿದವನಿಗೆ ತನ್ನ ಮನೆಯ ನೀರು ನೋಡುವ ನೆನಪೇ ಆಗಿರಲಿಲ್ಲ. ಕಡ್ಡಿ ಇಳಿಸಿದ. ಅಂಕಿ ಮೂರು ದಾಟಿತು, ನಾಲ್ಕು ದಾಟಿತು, ಆಮೇಲೆ ನಿಂತಿತು.

ಗೀತಾಂಜಲಿಗೇ ಪಾಪ ಅನ್ನಿಸಿತು. ಬಾಟಲಿಯ ನೀರನ್ನು ಅಂಗಳಕ್ಕೆ ಚೆಲ್ಲಿ ಬಂದಳು.

"ನಮ್ಮ ಬೋರಿನ ನೀರು ತುಂಬಿ ಕೊಡತೇನಿ, ತಡೀರಿ ಅಣ್ಣಾರ."