ಎರಡು ಬಡಿತ ಬಿದ್ದರೆ ಗಾಡಿ ಬಿಡಬೇಕು

ಪೊಲೀಸಪ್ಪ ಬಂದು ನನ್ನ ಗಾಡಿಯ ಬಾಗಿಲಿಗೆ ದಬ್ ದಬ್ ಎಂದು ಎರಡು ಸಲ ಬಡಿದ. ನಾನು ಗಾಡಿ ಬಿಟ್ಟೆ.

ಅವನು ಬಡಿದದ್ದು ನಿಲ್ಲು ಅಂತ. ಅದು ನನಗೆ ಆಮೇಲೆ ಗೊತ್ತಾಯಿತು. ನನ್ನ ಲೆಕ್ಕದಲ್ಲಿ ಒಂದು ಬಡಿತ ಬಿದ್ದರೆ ನಿಲ್ಲಬೇಕು, ಎರಡು ಬಿದ್ದರೆ ಹೋಗಬೇಕು. ಆರು ವರ್ಷದಿಂದ ಹೀಗೇ ಗಾಡಿ ಹೊಡೆದಿದ್ದೇನೆ. ಆ ಸದ್ದು ಕಿವಿಗೆ ಬಿದ್ದರೆ ಕಾಲು ತಾನೇ ಕೆಲಸ ಮಾಡುತ್ತದೆ, ತಲೆಯನ್ನು ಕೇಳುವುದಿಲ್ಲ.

ನನ್ನದು ಖಾನಾಪುರ. ನಾಲ್ಕು ಗಾಲಿಯ ಸಣ್ಣ ಮಾಲಿನ ಗಾಡಿ ಇದೆ. ಹಿಂದೆ ತಾಡಪತ್ರಿ ಕಟ್ಟಿದ್ದರಿಂದ ಅಲ್ಲಿ ಏನಿದೆ ಎಂದು ನನಗೆ ಕಾಣುವುದಿಲ್ಲ. ಗೆಣಸು ತುಂಬಿಕೊಂಡು ಹೊರಟರೆ ನನ್ನ ಹೆಂಡತಿ ರೇಣುಕಾ ಚೀಲಗಳ ಮೇಲೆ ಕುಳಿತಿರುತ್ತಾಳೆ. ಕ್ಲೀನರ್ ಅವಳೇ, ಮಾಲಕಿಯೂ ಅವಳೇ. ಅವಳು ತಗಡಿಗೆ ಬಡಿಯಬೇಕು, ನಾನು ಕೇಳಬೇಕು. ಮನೆಯಲ್ಲೂ ಹೆಚ್ಚುಕಡಿಮೆ ಇದೇ ಪದ್ಧತಿ.

ಆ ದಿನ ಅವಳು ಗಾಡಿಯಲ್ಲಿ ಇರಲಿಲ್ಲ. ಅವಳ ತಂಗಿ ಗಂಗಾಳ ಮದುವೆ. ಹಿಂದಿನ ದಿನವೇ ಬೆಳಗಾವಿಯ ಮಂಗಲ ಕಾರ್ಯಾಲಯಕ್ಕೆ ಹೋಗಿದ್ದಳು. ಅಕ್ಕಿಕಾಳು, ಅಂದರೆ ಅಕ್ಷತೆ, ಬೀಳುವುದು ಹನ್ನೆರಡು ಇಪ್ಪತ್ತೈದಕ್ಕೆ. ಅಷ್ಟರೊಳಗೆ ಕಣಕುಂಬಿಯಿಂದ ಕಲ್ಲಪ್ಪ ಮಾಮಾ ಅವರನ್ನು ತರುವ ಕೆಲಸ ನನ್ನದು. ಮಾಮಾ ಅಂದರೆ ನನ್ನ ಅತ್ತೆಯ ಒಬ್ಬರೇ ತಮ್ಮ, ಮದುಮಗಳ ಸೋದರಮಾವ. ಅವರೇ ಮದುಮಗಳ ಕೈ ಹಿಡಿದು ಕರೆತಂದು ಅವಳ ಬೆನ್ನಿಗೆ ನಿಲ್ಲಬೇಕು. ಅವರು ನಿಲ್ಲದೆ ನಮ್ಮಲ್ಲಿ ಅಕ್ಕಿಕಾಳು ಬೀಳುವುದಿಲ್ಲ.

ಹೆಂಡತಿಯ ಅಪ್ಪ ಬಾಡಿಗೆ ಕಾರು ಹೇಳಿದ್ದರು. ಬೇಡ ಎಂದವನು ನಾನೇ.

"ಅಳಿಯಂದ್ರ, ಇದು ಗೆಣಸ ಒಯ್ದಂಗ ಅಲ್ಲ. ಬೆಳಗಾವಿ ಐತಿ. ಮದಿವಿ ಸೀಜನ್ ಬ್ಯಾರೆ," ಎಂದು ಅವರು ಹೇಳಿದ್ದರು.

ನನಗೆ ಧೈರ್ಯ ಬಂದದ್ದು ಒಂದು ವಿಡಿಯೋದಿಂದ. ಮೊಬೈಲ್ ಅಂಗಡಿಯ ಗೆಳೆಯ ಪರಶ್ಯಾ ತೋರಿಸಿದ್ದ. ಜಗತ್ತಿನಲ್ಲಿ ಗಾಡಿ ಓಡಿಸಲು ಅತಿ ಕೆಟ್ಟ ಊರುಗಳ ಪಟ್ಟಿ. ಬಾಯಿಗೆ ಬಾರದ ಹೆಸರಿನ ಊರುಗಳಿದ್ದವು. ನಮ್ಮ ದೇಶದ ದೊಡ್ಡ ಊರುಗಳೂ ಇದ್ದವು. ಕೊನೆಯವರೆಗೆ ನೋಡಿದೆ. ಬೆಳಗಾವಿ ಇರಲಿಲ್ಲ.

"ಜಗತ್ತೆಲ್ಲಾ ಅಡ್ಡ್ಯಾಡಿ ನೋಡ್ಯಾರ. ಬೆಳಗಾವಿ ಸಲೀಸ್ ಐತಂತ," ಎಂದು ರೇಣುಕಾಗೆ ಹೇಳಿದೆ.

"ಅವ್ರೇನ್ ಶನಿವಾರ ರೈಲ್ವೆ ಗೇಟಿಗೆ ಬಂದಿದ್ರೇನ್ರಿ?" ಎಂದಳು. "ಮತ್ತ ಕೇಳ್ರಿ ಇಲ್ಲೆ. ಮಾಮಾನ್ನ ಮುಂದ ಕುಂದರ್ಸಿಕೋರಿ. ಹಿಂದ ಕುಂತ್ರ ಅವ್ರ ಕೈ ಸುಮ್ನ ಇರೂದಿಲ್ಲ."

ಕೇಳಬೇಕಿತ್ತು.

ಮಾಮಾ ಮುಂದೆ ಕೂರಲಿಲ್ಲ. "ಒಳಗ ಕುಂತ್ರ ವಾಂತಿ ಬರ್ತೈತೋ ಅಳಿಯಾ. ಹಿಂದ ಕುರ್ಚಿ ಹಾಕು, ಗಾಳಿ ಬಡೀಲಿ," ಎಂದರು. ಕಬ್ಬಿಣದ ಕುರ್ಚಿಯನ್ನು ಹಗ್ಗ ಹಾಕಿ ಕಟ್ಟಿದೆ. ಗಾಳಿಗೆ ಅಂತ ಎಡಬಾಜುವಿನ ತಾಡಪತ್ರಿ ಎತ್ತಿ ಸುತ್ತಿದೆ. ಹೊಸ ಧೋತರ, ತಲೆಗೆ ಗುಲಾಬಿ ಬಣ್ಣದ ಪಟಗಾ, ಕೈಯಲ್ಲಿ ಒಂದು ಚೀಲ. ಮಾಮಾ ಹತ್ತಿ ಕುಳಿತರು.

"ಮಾಮಾ, ನಿಲ್ಲಸಬೇಕಂದ್ರ ತಗಡಿಗೆ ಒಂದ್ ಬಡೀರಿ. ಹೋಗಬೇಕಂದ್ರ ಎರಡು."

"ಇಷ್ಟ ಹೌದಲ್ಲ? ನಡಿ."

ಮಾಮಾಗೆ ಒಂದು ಚಟ ಇದೆ. ಗುರುತಿನವರು ಕಂಡರೆ ಖುಷಿಯಿಂದ ಕೈಗೆ ಸಿಕ್ಕಿದ್ದಕ್ಕೆ ಬಡಿಯುತ್ತಾರೆ. ಕಟ್ಟೆ ಇದ್ದರೆ ಕಟ್ಟೆ, ತೊಡೆ ಇದ್ದರೆ ತೊಡೆ. ಆ ದಿನ ಸಿಕ್ಕಿದ್ದು ನನ್ನ ತಗಡು. ಅವರಿಗೆ ಗುರುತಿಲ್ಲದವರು ನಮ್ಮ ತಾಲೂಕಿನಲ್ಲಿ ಯಾರೂ ಇಲ್ಲ.

ಊರು ದಾಟುವ ಮೊದಲೇ ದಬ್. ಬ್ರೇಕ್ ಹಾಕಿದೆ.

"ಯಾಕ್ ನಿಂತ್ಯೋ?" ಎಂದರು ಮಾಮಾ.

"ನೀವ ಬಡದ್ರೆಲ್ರಿ."

"ನಾ ಎಲ್ಲಿ ಬಡದೆ? ಯಲ್ಲಪ್ಪ ಕಂಡಾ, ಮಾತಾಡ್ಸಿದೆ ಅಷ್ಟ."

ಜಾಂಬೋಟಿ ಬರುವಷ್ಟರಲ್ಲಿ ಏಳು ಸಲ ನಿಂತೆ. ಏಳು ಸಲವೂ ಯಾರೋ ಕಂಡಿದ್ದರು. ಎಂಟನೆಯ ಸಲ ದಬ್ ಎಂದಾಗ ನಾನು ನಿಲ್ಲಲಿಲ್ಲ. ಮನುಷ್ಯ ಎಷ್ಟು ಸಲ ಮೋಸ ಹೋಗುತ್ತಾನೆ? ಎಂಟನೆಯದು ಖರೇ ಇತ್ತು. ಪಟಗಾ ಗಾಳಿಗೆ ಹಾರಿ ಹೋಗಿತ್ತು. ಹಿಂದಕ್ಕೆ ಹೋಗಿ ಅದನ್ನು ಮುಳ್ಳುಕಂಟಿಯಿಂದ ಬಿಡಿಸಿ ತಂದೆವು. ಅಲ್ಲಿಂದ ಮುಂದೆ, ಒಂದು ಬಡಿತ ಬಿದ್ದರೆ ಯಾಕೆ ಎಂದು ಕೇಳದೆ ನಿಲ್ಲುವುದೇ ಸೈ ಎಂದು ತೀರ್ಮಾನಿಸಿದೆ.

ಬೆಳಗಾವಿ ಸೇರಿದಾಗ ಹನ್ನೊಂದು ದಾಟಿತ್ತು. ಒಂದು ದೊಡ್ಡ ಸರ್ಕಲ್. ಹಸಿರು ದೀಪ ಬಿತ್ತು, ಹೊರಟೆ. ಸರ್ಕಲ್ಲಿನ ನಟ್ಟನಡುವೆ ದಬ್.

ನಿಂತೆ. ತೀರ್ಮಾನ ಅಂದರೆ ತೀರ್ಮಾನ.

ಹಿಂದೆ ಸಿಟಿ ಬಸ್ಸು ನಿಂತಿತು. ಅದರ ಹಿಂದೆ ರಿಕ್ಷಾಗಳು, ಅವುಗಳ ಹಿಂದೆ ಇನ್ನೊಂದು ಮದುವೆಯ ದಿಬ್ಬಣದ ಬಸ್ಸು. ಎಲ್ಲರೂ ಹಾರ್ನ್ ಬಾರಿಸಿದರು. ಮಾಮಾ ಮಾತ್ರ ರಸ್ತೆ ಬದಿಯಲ್ಲಿ ಹೂ ಮಾರುವವನಿಗೆ, "ಆರಾಮ ಇದ್ದೀಯೋ?" ಎಂದು ಕೇಳುತ್ತಿದ್ದರು. ಪೊಲೀಸಪ್ಪ ಬಂದ.

"ಹಿಂದ ಏನ್ ಐತಿ?"

ಮಾಲಿನ ಗಾಡಿಯಲ್ಲಿ ಮನುಷ್ಯರನ್ನು ಕೂರಿಸಬಾರದು ಎಂದು ನನಗೂ ಗೊತ್ತು.

"ಮದಿವಿ ಸಾಮಾನ್ರಿ ಸರ್," ಎಂದೆ.

ಸಾಮಾನು ಕೆಮ್ಮಿತು.

ಪೊಲೀಸಪ್ಪ ಹಿಂದೆ ಹೋಗಿ ನೋಡಿದ. ಗುಲಾಬಿ ಪಟಗಾದ ಸಾಮಾನು ಎದ್ದು ನಿಂತು ಅವನಿಗೆ ಕೈ ಮುಗಿಯಿತು. ಅವನು ತಿರುಗಿ ಬಂದು ನನ್ನ ಬಾಗಿಲಿಗೆ ಬಡಿದ. ಎರಡು ಸಲ. ಮೊದಲೇ ಹೇಳಿದೆನಲ್ಲ, ಗಾಡಿ ಬಿಟ್ಟೆ. ಕನ್ನಡಿಯಲ್ಲಿ ನೋಡಿದರೆ ಅವನು ಕೈ ಬೀಸುತ್ತ ಓಡಿ ಬರುತ್ತಿದ್ದ. ಈಗ ನಿಂತರೆ ಕೆಲಸ ಕೆಟ್ಟಿತು ಎಂದು ಸಿಕ್ಕ ಗಲ್ಲಿಗೆ ತಿರುಗಿಸಿದೆ.

ಅದು ಒನ್ ವೇ. ಎದುರು ಬಂದವರು ಒಂದೊಂದು ಮಾತು ಕೊಟ್ಟು ಹೋದರು. ಅರ್ಧ ಜನ ಕನ್ನಡದಲ್ಲಿ ಬೈದರು, ಅರ್ಧ ಜನ ಮರಾಠಿಯಲ್ಲಿ. ನನಗೆ ಎರಡೂ ಬರುತ್ತವೆ. ಅದೇ ಕಷ್ಟ.

ಗಲ್ಲಿ ಮುಗಿದರೆ ರೈಲ್ವೆ ಗೇಟು. ಬಿದ್ದಿತ್ತು. ಗೇಟಿನ ಈ ಕಡೆಯವರು ಇಡೀ ರಸ್ತೆ ತುಂಬಿ ನಿಂತಿದ್ದರು, ಆ ಕಡೆಯವರೂ ಇಡೀ ರಸ್ತೆ ತುಂಬಿ ನಿಂತಿದ್ದರು. ನಡುವೆ ಹಳಿ. ಕುಸ್ತಿಗೆ ನಿಂತ ಹಾಗೆ ಕಾಣುತ್ತಿತ್ತು. ನಾನು ಸ್ಟೇರಿಂಗ್ ಹಿಡಿದು ಕುಳಿತೆ. ಹಿಂದಿನಿಂದ ದಬ್ ಎಂದಿತು.

ನಿಂತೇ ಇದ್ದೆ. ಇನ್ನೂ ಹೇಗೆ ನಿಲ್ಲಲಿ?

ಐದು ನಿಮಿಷಕ್ಕೆ ರೈಲು ಹೋಯಿತು, ಗೇಟು ಎದ್ದಿತು. ಹಿಂದಿನಿಂದ ದಬ್ ದಬ್. ಬಿಟ್ಟೆ. ಎರಡು ಗುಂಪಿನ ನಡುವೆ ಗೆಣಸಿನ ಗಾಡಿ ತೂರಿಸಿ ಪಾರಾದೆ. ಎಷ್ಟು ಚೆನ್ನಾಗಿ ಪಾರಾದೆ ಎಂದರೆ ಯಾರಾದರೂ ವಿಡಿಯೋ ಮಾಡಬೇಕಿತ್ತು. ಆಮೇಲೆ ಮಾಮಾ ಒಂದು ಸಲವೂ ತಗಡು ಮುಟ್ಟಲಿಲ್ಲ. ಕಡೆಗೂ ಕಲಿತರು ಎಂದುಕೊಂಡೆ.

ಹನ್ನೆರಡಕ್ಕೆ ಐದು ನಿಮಿಷ ಇರುವಾಗ ಕಾರ್ಯಾಲಯದ ಬಾಗಿಲಿಗೆ ಗಾಡಿ ಹಚ್ಚಿದೆ. ಹೆಂಡತಿಯ ಅಪ್ಪ ಅಲ್ಲೇ ನಿಂತಿದ್ದರು.

"ಬಂದ್ರೇನ್ ಮಾಮಾ?"

"ಬರ್ದ ಏನ್ ಮಾಡ್ತಾರ್ರಿ? ನಾ ಹೋಗಿದ್ದೆ," ಎಂದೆ. ಬ್ಯಾಂಡಿನವರಿಗೆ ಸನ್ನೆ ಮಾಡಿದೆ. ಅವರು ಜೋರಾಗಿ ಶುರು ಮಾಡಿದರು. ಐದು ಜನ ಮುತ್ತೈದೆಯರು ಆರತಿ ಹಿಡಿದು ಬಂದರು. ನಾನು ಗಾಡಿಯ ಹಿಂಬಾಗಿಲ ಫಳಿ ಬಿಚ್ಚಿ ಕೆಳಗೆ ಇಳಿಸಿದೆ.

ಕುರ್ಚಿ ಇತ್ತು. ಕುರ್ಚಿಯ ಮೇಲೆ ಚೀಲ ಇತ್ತು.

ಬ್ಯಾಂಡಿನವರು ಕಣ್ಣು ಮುಚ್ಚಿ ಬಾರಿಸುತ್ತಿದ್ದರು. ಕುರ್ಚಿಗೆ ಪೂರ್ತಿ ಒಂದು ಹಾಡು ಆಯಿತು.

ರೇಣುಕಾ ಮಾಮಾಗೆ ಫೋನ್ ಹಚ್ಚಿದಳು. ಚೀಲ ರಿಂಗಾಯಿತು. ಅವಳು ಫೋನ್ ಕಟ್ ಮಾಡಿ ನನ್ನನ್ನು ನೋಡಿದಳು.

"ಗೇಟಿನ್ಯಾಗ ಎರಡ್ ಬಡದ್ರು, ಬಿಟ್ಟೆ," ಎಂದೆ.

"ಯಾರ್ ಬಡದ್ರು?"

ಅದನ್ನು ನಾನು ಯೋಚಿಸಿರಲಿಲ್ಲ. ಗೇಟು ಎದ್ದಾಗ ಮುಂದಿನ ಗಾಡಿಗೆ ಬಡಿಯದ ಬೈಕಿನವನು ಯಾವ ಊರಿನಲ್ಲಿದ್ದಾನೆ?

"ಹೋಗ್ರಿ, ಲಗೂನ ಕರ್ಕೊಂಬರ್ರಿ," ಎಂದಳು. ಒಳಗೆ ಗಂಗಾ ಬಾಸಿಂಗ ಕಟ್ಟಿಕೊಂಡು ಅಳುತ್ತಿದ್ದಳಂತೆ.

ಗೇಟಿಗೆ ಓಡಿಸಿದೆ. ಮಾಮಾ ಇರಲಿಲ್ಲ. ಗೇಟು ದಾಟಿ ಸರ್ಕಲ್ ತನಕ ಹುಡುಕುತ್ತ ಹೋದೆ. ಪೊಲೀಸಪ್ಪ ಅಲ್ಲೇ ಇದ್ದ. ಬಾಗಿಲಿಗೆ ಬಡಿದ. ಈ ಸಲ ಒಂದೇ. ನಿಂತೆ.

"ಆಗಳೆ ಯಾಕ್ ನಿಲ್ಲಲಿಲ್ಲೋ?"

"ಆಗ ಎರಡ್ ಬಡದ್ರಿ ಸರ್."

ಅವನು ಚಾವಿ ಕಿತ್ತುಕೊಂಡ. ಹಿಂದೆ ಹೋಗಿ ಇಣುಕಿದ. "ಸಾಮಾನ ಎಲ್ಲಿ?"

"ಕಳದೈತ್ರಿ."

ಎಲ್ಲ ಹೇಳಿದೆ. ರೇಣುಕಾಳ ಪದ್ಧತಿ, ಮಾಮಾನ ಕೈ, ಗೇಟು, ಬ್ಯಾಂಡು. ಅವನು ಸಿಟ್ಟಿನಿಂದ ಕೇಳಲು ಶುರು ಮಾಡಿದವನು ಕಡೆಗೆ ಟೋಪಿ ತೆಗೆದು ಮುಖ ಒರೆಸಿಕೊಂಡ. ನಗು ಮುಚ್ಚಿಕೊಳ್ಳಲು ಇರಬೇಕು. ಚಾವಿ ಮಾತ್ರ ಕೊಡಲಿಲ್ಲ.

"ಸರ್, ಆ ಕೆಟ್ಟ ಊರ ಪಟ್ಟ್ಯಾಗ ಬೆಳಗಾವಿ ಇರ್ಲಿಲ್ರಿ. ಅದನ್ನ ನಂಬಿ ಬಂದೆ."

"ನೀ ದಿನಾ ಬಾ," ಎಂದ. "ಬರೂ ವರ್ಷ ಇರ್ತೈತಿ."

ಆಗ ರೇಣುಕಾಳ ಫೋನ್ ಬಂತು. ಹಿಂದೆ ಬ್ಯಾಂಡಿನ ಸದ್ದು.

"ಎಲ್ಲಿದ್ದೀರಿ? ಮಾಮಾ ಬಂದ್ರು. ಗೇಟಿನ ಬಾಜೂಕ ಅವ್ರ ಗೆಳೆಯಾಂದು ಕಟಿಂಗ್ ಅಂಗಡಿ ಐತಂತ. ಮಾತಾಡ್ಸಾಕ ಇಳದಿದ್ರಂತ. ಒಳಗಿನ ಗಲ್ಲಿ ಹಿಡ್ಕೊಂಡ್ ನಡಕೋತ ಬಂದಾರ, ಹತ್ತ ನಿಮಿಷದಾಗ. ಅಕ್ಕಿಕಾಳ ಬಿದ್ವು."

ಅಕ್ಕಿಕಾಳು ನಾನು ಫೋನಿನಲ್ಲಿ ಕೇಳಿದೆ. ಮದುವೆಯ ಫೋಟೋಗಳಲ್ಲಿ ಎಲ್ಲರೂ ಇದ್ದಾರೆ. ಬ್ಯಾಂಡಿನವರೂ ಇದ್ದಾರೆ. ನಾನು ಇಲ್ಲ.

ದಂಡ ಕಟ್ಟಿ ಬಂದಾಗ ಕಡೆಯ ಪಂಕ್ತಿ. ಅಡಿಗೆಯವರ ಜೊತೆ ಕುಳಿತೆ. ಮಾಮಾ ಎಲೆಅಡಿಕೆ ಹಾಕಿಕೊಳ್ಳುತ್ತ ಬಂದು ಎದುರು ನಿಂತರು.

"ಅಳಿಯಾ, ಸಾಮಾನ ಮುಟ್ಟೇತಿ. ಬರಕೋ," ಎಂದರು. ಸರ್ಕಲ್ಲಿನಲ್ಲಿ ಪೊಲೀಸಪ್ಪನಿಗೆ ನಾನು ಹೇಳಿದ ಮಾತು ಕೇಳಿಸಿಕೊಂಡಿದ್ದರು. ಹೇಳಿ ತೊಡೆಗೆ ದಬ್ ಎಂದು ಬಡಿದುಕೊಂಡರು. ನನ್ನ ಕೈಯ ತುತ್ತು ಅಲ್ಲೇ ನಿಂತಿತು.

ಸಂಜೆ ಗಂಗಾಳ ಕಪಾಟು, ಪಲ್ಲಂಗ, ಬಾಂಡೆಗಳನ್ನು ಗಂಡಿನ ಮನೆಗೆ ಮುಟ್ಟಿಸಬೇಕಿತ್ತು. ಹೆಂಡತಿಯ ಅಪ್ಪ ನನ್ನನ್ನೇ ಕರೆದರು.

"ಅಳಿಯಂದ್ರ, ಇವನ್ನ ನೀವ ಒಯ್ರಿ. ಇವು ನಡುವ ಇಳದ್ ಹೋಗೂದಿಲ್ಲ."

ತುಂಬಿದೆ. ರೇಣುಕಾ ಕಪಾಟಿನ ಬಾಜು ಹತ್ತಿ ಕುಳಿತಳು. ನಾನು ಗಾಡಿ ಚಾಲೂ ಮಾಡಿದೆ. ದಬ್ ದಬ್ ಎಂದಿತು. ಗೇರ್ ಹಾಕಿದವನು ಮತ್ತೆ ತೆಗೆದೆ. ಕೆಳಗಿಳಿದು ಹಿಂದೆ ಹೋಗಿ ನೋಡಿದೆ.

"ಯಾಕ್ರಿ?" ಎಂದಳು.

"ಬಡದಾಕಿ ನೀನ ಹೌದಿಲ್ಲೋ ಅಂತ."

ಅವಳೇ. ಕಪಾಟೂ ಇತ್ತು. ಮುಂದೆ ಹೋಗಿ ಕುಳಿತು ಗಾಡಿ ಬಿಟ್ಟೆ.