ಶಾರ್ಕ್ ನೋಡಲಿಕ್ಕೂ ಗುರ್ತದವರು

ಸಿಟ್ಟು ಬಂದಾಗ ಕೆಲವರು ಪಾತ್ರೆ ಕುಕ್ಕುತ್ತಾರೆ, ಕೆಲವರು ಊಟ ಬಿಡುತ್ತಾರೆ. ನಾನು ಪೂರ್ತಿ ವಾಕ್ಯಗಳಲ್ಲಿ ಮಾತಾಡತೊಡಗುತ್ತೇನೆ. ನಮ್ಮ ಮನೆಯವರಿಗೆ ಇದು ಇನ್ನೂ ಗೊತ್ತಾಗಿಲ್ಲ. “ಎಷ್ಟು ಸಮಾಧಾನದ ಹುಡುಗಿ, ಸ್ವರ ಎತ್ತುದೇ ಇಲ್ಲ” ಎಂದು ನೆಂಟರು ಹೊಗಳುವ ಹೊತ್ತಿಗೆ ನಾನು ಒಳಗೊಳಗೇ ಕುಚ್ಚಲಕ್ಕಿಯ ಹಾಗೆ ಕುದಿಯುತ್ತಿರುತ್ತೇನೆ. ಈ ಬರಹವೂ ಶಾಂತವಾಗಿಯೇ ಕಂಡೀತು. ಮೋಸ ಹೋಗಬೇಡಿ.

ನನ್ನ ಸಿಟ್ಟಿಗೆ ಕಾರಣ ನಮ್ಮ ಊರಿನ ಒಂದು ಪದ್ಧತಿ. ಪುತ್ತೂರು, ಸುಳ್ಯ, ಕಡಬ, ಈ ಮೂರು ತಾಲೂಕುಗಳಲ್ಲಿ ಒಬ್ಬ ಮನುಷ್ಯನಿಗೆ ಕೆಲಸ ಬರುತ್ತದೋ ಇಲ್ಲವೋ ಎಂದು ಯಾರೂ ಕೇಳುವುದಿಲ್ಲ. ‘ಗುರ್ತ ಉಂಟಾ?’ ಎಂದು ಕೇಳುತ್ತಾರೆ. ಗುರ್ತ ಎಂದರೆ ಬರಿಯ ಪರಿಚಯವಲ್ಲ. ಆತ ಯಾರ ಮಗ, ಹೆಂಡತಿಯ ತವರು ಯಾವುದು, ಅಣ್ಣ ಯಾವ ಬ್ಯಾಂಕಿನಲ್ಲಿದ್ದಾನೆ ಎಂಬುದೆಲ್ಲ ತಿಳಿದಿರಬೇಕು. ನಮ್ಮ ಅಪ್ಪನ ಕೆಟ್ಟ ಹಲ್ಲಿನ ಬದಲು ಪಕ್ಕದ ಒಳ್ಳೆಯ ಹಲ್ಲನ್ನು ಕಿತ್ತ ದಂತವೈದ್ಯರೊಬ್ಬರಿದ್ದಾರೆ. ಕೆಟ್ಟ ಹಲ್ಲನ್ನೂ ಅಪ್ಪ ಮರುವಾರ ಅವರ ಹತ್ತಿರವೇ ಕೀಳಿಸಿಕೊಂಡು ಬಂದರು. ಯಾಕೆ ಎಂದು ಕೇಳಿದರೆ, “ಬೇರೆಯವರ ಹತ್ತಿರ ಹೋದ್ರೆ ಇವರಿಗೆ ಬೇಜಾರಾಗುದಿಲ್ವಾ? ಗುರ್ತದವರು” ಎಂದರು. ಎರಡು ಹಲ್ಲು ಹೋದ ಬಾಯಿಯಲ್ಲಿ ಆ ಮಾತು ಸ್ವಲ್ಪ ಗಾಳಿಯೊಂದಿಗೆ ಹೊರಬಂತು.

ನಾನು ಪುತ್ತೂರಿನ ಕಾಲೇಜೊಂದರಲ್ಲಿ ಸಂಖ್ಯಾಶಾಸ್ತ್ರ ಪಾಠ ಮಾಡುತ್ತೇನೆ. ಬಾಡಿಗೆ ಮನೆಯಲ್ಲಿ ಒಬ್ಬಳೇ ಇದ್ದೇನೆ. ಊರು ಕಡಬದ ಹತ್ತಿರದ ಕೋಡಿಂಬಾಳ. ವಾರದ ಕೊನೆಗೆ ಹೋಗಿ ಬರುತ್ತೇನೆ. ಕೆಲವು ವರ್ಷಗಳಿಂದ ರಜೆ ಸಿಕ್ಕಾಗಲೆಲ್ಲ ಮುರುಡೇಶ್ವರಕ್ಕೆ ಹೋಗಿ, ಅಲ್ಲಿಂದ ದೋಣಿಯಲ್ಲಿ ದ್ವೀಪದ ಬಳಿಗೆ ಸಾಗಿ, ಬೆನ್ನಿಗೆ ಗಾಳಿಯ ಸಿಲಿಂಡರು ಕಟ್ಟಿ ಸಮುದ್ರದಡಿಗೆ ಇಳಿಯುವುದನ್ನು ಕಲಿತೆ. ಮನೆಯಲ್ಲಿ ಮುರುಡೇಶ್ವರ ಎಂದಷ್ಟೇ ಹೇಳಿದ್ದೆ. ಅವ್ವ ಅದನ್ನು ಭಕ್ತಿ ಎಂದು ತಿಳಿದು, ಮಗಳು ಒಳ್ಳೆಯ ಸಂಬಂಧಕ್ಕಾಗಿ ಹರಕೆ ಹೊತ್ತಿದ್ದಾಳೆ ಎಂದು ಅತ್ತೆಯಂದಿರಿಗೆಲ್ಲ ಹೇಳಿ ಕಣ್ಣೊರೆಸಿಕೊಂಡಿದ್ದರಂತೆ. ನಾನು ತಿದ್ದಲು ಹೋಗಲಿಲ್ಲ. ನೀರಿನಡಿಯ ದೊಡ್ಡ ಸೌಕರ್ಯವೆಂದರೆ ಅಲ್ಲಿ ಯಾರೂ ಬಾಯಿ ತೆರೆಯುವಂತಿಲ್ಲ. ‘ಮತ್ತೆ ಎಂತ ವಿಶೇಷ?’ ಎಂದು ಕೇಳದ ಜೀವಿಗಳ ನಡುವೆ ಅರ್ಧ ಗಂಟೆ ಇದ್ದು ಬರುವ ಸುಖವನ್ನು ನಮ್ಮ ಕಡೆಯ ಮದುವೆಯಾಗದ ಹೆಣ್ಣುಮಕ್ಕಳಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಈ ದೀಪಾವಳಿ ರಜೆಗೆ ಮಾಲ್ದೀವ್ಸಿಗೆ ಹೋಗಿ ಶಾರ್ಕುಗಳ ನಡುವೆ ಇಳಿಯಬೇಕೆಂದು ನಿಶ್ಚಯಿಸಿದೆ. ಶಾರ್ಕೇ ಯಾಕೆ ಎಂಬುದನ್ನು ಯಾರಿಗೂ ಹೇಳಿಲ್ಲ, ನಿಮಗೂ ಹೇಳುವುದಿಲ್ಲ. ಹೋಗಬೇಕಾದರೆ ಅಲ್ಲಿ ಕರೆದುಕೊಂಡು ಹೋಗುವ ಒಂದು ಕಂಪನಿಯನ್ನು ಆರಿಸಬೇಕು. ನನ್ನ ಜೀವವನ್ನು ಯಾರ ಕೈಯಲ್ಲಿ ಕೊಡುವುದು ಎಂಬ ಪ್ರಶ್ನೆಯಾದ್ದರಿಂದ, ಸಿಕ್ಕ ಕಂಪನಿಗಳಿಗೆಲ್ಲ ಒಂದೇ ಬಗೆಯ ಪ್ರಶ್ನೆಗಳನ್ನು ಬರೆದು ಕಳಿಸಿದೆ. ಒಬ್ಬ ಗೈಡಿನ ಜೊತೆ ಎಷ್ಟು ಜನ ಇಳಿಯುತ್ತಾರೆ? ಅವಘಡವಾದರೆ ಹತ್ತಿರದ ಆಸ್ಪತ್ರೆ ಎಲ್ಲಿದೆ? ಶಾರ್ಕುಗಳನ್ನು ಬರಿಸಲು ನೀರಿಗೆ ಮೀನಿನ ತಲೆ ಎಸೆಯುತ್ತೀರಾ? ಕೊನೆಯದು ನನಗೆ ಮುಖ್ಯ. ಊಟ ಹಾಕಿ ಕರೆಸಿದವರನ್ನು ನೋಡುವುದೇ ಆದರೆ ನಮ್ಮಲ್ಲಿ ಬೇಕಾದಷ್ಟು ಮದುವೆ ಮಂಟಪಗಳಿವೆ.

ಬಂದ ಉತ್ತರಗಳನ್ನು ಓದಿ ನನ್ನ ರಕ್ತದೊತ್ತಡ ಏರಿತು. ಒಬ್ಬರು, “ಮೇಡಂ, ಏನೂ ಟೆನ್ಶನ್ ಬೇಡ, ನಮ್ಮ ಶಾರ್ಕುಗಳು ಬಹಳ ಫ್ರೆಂಡ್ಲಿ” ಎಂದು ಬರೆದರು. ಅವರ ಶಾರ್ಕುಗಳಂತೆ! ಕೊಟ್ಟಿಗೆಯಲ್ಲಿ ಕಟ್ಟಿ ಸಾಕಿದ ಹಾಗೆ. ಇನ್ನೊಬ್ಬರು ಪ್ರಶ್ನೆಗಳನ್ನೆಲ್ಲ ಬಿಟ್ಟು, ಹೂವಿನ ಹಾಸಿಗೆಯ ಚಿತ್ರದೊಂದಿಗೆ ಹನಿಮೂನ್ ಪ್ಯಾಕೇಜ್ ಕಳಿಸಿದರು. ನಾನು ಒಬ್ಬಳೇ ಬರುವುದು ಎಂದು ಬರೆದರೆ, “ಸರ್ ಆಮೇಲೆ ಬಂದು ಸೇರಿಕೊಳ್ಳುತ್ತಾರಾ?” ಎಂದು ಕೇಳಿದರು. ಸರಿಯಾಗಿ ಉತ್ತರಿಸಿದ್ದು ಒಬ್ಬರೇ, ಒಂದು ಪುಟ್ಟ ದ್ವೀಪದಲ್ಲಿ ಸ್ವಂತ ದೋಣಿ ಇಟ್ಟುಕೊಂಡಿರುವ ಹೆಂಗಸು. ಪ್ರತಿ ಪ್ರಶ್ನೆಗೂ ಒಂದೊಂದೇ ಸಾಲು. ನಡುವೆ ಒಂದು ನಗುವ ಮುಖ ಕೂಡ ಇಲ್ಲ. ಕೊನೆಗೆ, “ಈ ತಂಡದಲ್ಲಿ ಒಂದೇ ಜಾಗ ಉಳಿದಿದೆ. ನೀರಿನ ಒತ್ತಡಕ್ಕೆ ಕಿವಿ ತಡೆಯುತ್ತದೋ ಎಂದು ಡಾಕ್ಟರರಿಗೆ ತೋರಿಸಿಕೊಂಡು ಬೇಗ ತಿಳಿಸಿ” ಎಂದಿದ್ದರು. ಓದಿ ನನಗೆ ಅಕ್ಕನೊಬ್ಬಳು ಸಿಕ್ಕ ಹಾಗಾಯಿತು. ಇವರೇ, ಇನ್ನು ಬೇರೆ ನೋಡುವುದಿಲ್ಲ ಎಂದು ನಿರ್ಧರಿಸಿದೆ.

ಕಿವಿ ತೋರಿಸಲು ಪುತ್ತೂರಿನಲ್ಲಿ ಬೇಕೆಂದೇ ಗುರ್ತವಿಲ್ಲದ ಡಾಕ್ಟರರನ್ನು ಹುಡುಕಿದೆ. ಪರದೆಯ ಹಿಂದೆ ಕುಳಿತು, ವಿಷಯವನ್ನು ಆದಷ್ಟು ಮೆಲ್ಲಗೆ ಹೇಳಿದೆ. ದಿನವಿಡೀ ಕಿವಿ ಕೇಳದವರ ಜೊತೆ ಮಾತಾಡುವ ಡಾಕ್ಟರರ ಸ್ವರ ಹೇಗಿರುತ್ತದೆಂದು ನಾನು ಯೋಚಿಸಿರಲಿಲ್ಲ. “ಎಂತದು? ಶಾರ್ಕಾ? ಒಬ್ಬಳೇ ಹೋಗುದಾ?” ಎಂದು ಅವರು ಗರ್ಜಿಸಿದರು. ಹೊರಗಿನ ಬೆಂಚಿನಲ್ಲಿ ನಮ್ಮ ಕೋಡಿಂಬಾಳದ ದೇವಕಿಯಕ್ಕ ಕೂತಿದ್ದರು. ಅವರ ಕಿವಿಗೆ ಏನು ತೊಂದರೆಯೋ ಗೊತ್ತಿಲ್ಲ. ಕೇಳಿಸುವ ವಿಷಯದಲ್ಲಂತೂ ಯಾವ ತೊಂದರೆಯೂ ಇರಲಿಲ್ಲ.

ಶನಿವಾರ ನಾನು ಬಸ್ಸಿಳಿದು ಮನೆಗೆ ಬರುವಷ್ಟರಲ್ಲಿ ಸುದ್ದಿ ನನಗಿಂತ ಮೊದಲೇ ಬಂದು ಚಾ ಕುಡಿದು ಕೂತಿತ್ತು. ನಾನು ದಾರಿಯುದ್ದಕ್ಕೂ ವಾದಗಳನ್ನು ಹೊಂದಿಸಿಕೊಂಡು ಬಂದಿದ್ದೆ. ಶಾರ್ಕಿನಿಂದ ಸಾಯುವವರಿಗಿಂತ ರಸ್ತೆಯಲ್ಲಿ ಸಾಯುವವರು ಎಷ್ಟೋ ಹೆಚ್ಚು ಎಂದು ಶುರುಮಾಡುವುದೆಂದಿದ್ದೆ. ಅವಕಾಶವೇ ಸಿಗಲಿಲ್ಲ. ಬೇಡ ಎಂದು ಒಬ್ಬರೂ ಹೇಳಲಿಲ್ಲ! ಅವ್ವ, “ಶಾರ್ಕ್ ಅಂದ್ರೆ ತಾಟೆ ಮೀನಲ್ವಾ? ನಿನ್ನ ಅಕ್ಕನ ಬಾಣಂತನಕ್ಕೆ ಅದರದ್ದೇ ಸಾರು. ಹಾಲಿಗೆ ಒಳ್ಳೆದು. ಅದನ್ನು ನೋಡ್ಲಿಕ್ಕೆ ಅಷ್ಟು ದೂರ ಯಾಕೆ, ಪುತ್ತೂರು ಮಾರ್ಕೆಟಲ್ಲೇ ಉಂಟಲ್ಲ?” ಎಂದರು. ಅಪ್ಪ ಕೇಳಿದ್ದು ಒಂದೇ: “ಕರ್ಕೊಂಡು ಹೋಗುವವರು ಯಾರು? ಗುರ್ತ ಉಂಟಾ?”

ಇಲ್ಲ ಎಂದೆ. ಆಗ ಮನೆಯಲ್ಲಿ ಆದ ಗಾಬರಿ ಶಾರ್ಕು ಬಾವಿಗೆ ಬಿದ್ದಿದ್ದರೂ ಆಗುತ್ತಿರಲಿಲ್ಲ. ಅಪ್ಪ ಕೂಡಲೇ ಮಂಡೆಕೋಲಿನ ಚಿಕ್ಕಪ್ಪನಿಗೆ ಫೋನು ಹಚ್ಚಿ, ವಿಷಯ ಹೇಳಿ ನನ್ನ ಕೈಗೆ ಕೊಟ್ಟರು. ಈ ಚಿಕ್ಕಪ್ಪ ನಮ್ಮ ಕುಟುಂಬದ ಗುರ್ತದ ಖಜಾನೆ. ಮಂಡೆಕೋಲು ಗಡಿಯ ಊರಾದ್ದರಿಂದ ಅವರಿಗೆ ಆಚೆ ಕೇರಳದಲ್ಲೂ ಜನ, ಈಚೆಯೂ ಜನ. ಕನ್ನಡ, ತುಳು, ಅರೆಭಾಷೆ, ಮಲಯಾಳ ನಾಲ್ಕರಲ್ಲೂ ‘ನಮ್ಮವರೇ’ ಎನ್ನಬಲ್ಲರು. “ಎಂತ ಮಾರಾಯ್ತಿ, ನನ್ನತ್ರ ಒಂದು ಮಾತು ಹೇಳ್ಬಾರದಾ? ಯಾರೋ ದಿಕ್ಕಿಲ್ಲದವರ ಒಟ್ಟಿಗೆ ಹೋಗುದಾ? ನಾಳೆ ಬೆಳಿಗ್ಗೆ ಜನ ಕರ್ಕೊಂಡು ಬರ್ತೇನೆ” ಎಂದರು.

ಭಾನುವಾರ ಬೆಳಿಗ್ಗೆ ಅವರ ಜೀಪಿನಿಂದ ಇಳಿದದ್ದು ಬೆಳ್ಳಾರೆಯ ಜಗನ್ನಾಥಣ್ಣ. ಕಾಶಿ, ರಾಮೇಶ್ವರ, ತಿರುಪತಿಗಳಿಗೆ ಬಸ್ಸಿನಲ್ಲಿ ಜನ ಕರೆದುಕೊಂಡು ಹೋಗುವವರು. ಬಿಳಿ ಅಂಗಿ, ಕಿಸೆಯಲ್ಲಿ ಎರಡು ಪೆನ್ನು, ಹಣೆಯಲ್ಲಿ ಗಂಧ. ಕೂತವರೇ, “ಮೇಡಂ, ಶಾರ್ಕಿನ ವಿಷಯ ನನಗೆ ಬಿಡಿ” ಎಂದರು.

“ಒಬ್ಬ ಗೈಡಿಗೆ ಎಷ್ಟು ಜನ?” ಎಂದು ಕೇಳಿದೆ.

“ಎಲ್ಲರಿಗೂ ನಾನೇ ಉಂಟಲ್ಲ.”

“ನಿಮಗೆ ಈಜು ಬರುತ್ತದೆಯೇ?”

“ನನಗೆ ಯಾಕೆ ಮೇಡಂ? ಕಾಶಿಗೆ ಕರ್ಕೊಂಡು ಹೋಗುವವನಿಗೆ ಮಂತ್ರ ಬರಬೇಕೂಂತ ಉಂಟಾ?”

ಚಿಕ್ಕಪ್ಪ ತೊಡೆ ತಟ್ಟಿ ನಕ್ಕರು. ಅಪ್ಪನೂ ನಕ್ಕರು. ಅಪಾಯವಾದರೆ ಏನು ಮಾಡುತ್ತೀರಿ ಎಂದು ಕೇಳಿದೆ. “ಇಷ್ಟರವರೆಗೆ ನಾನು ಕರ್ಕೊಂಡು ಹೋದ ಒಬ್ಬರನ್ನೂ ಬಿಟ್ಟು ಬರ್ಲಿಲ್ಲ. ಹರಿದ್ವಾರದಲ್ಲಿ ಒಬ್ಬರು ಅಜ್ಜಿ ತಪ್ಪಿ ಹೋಗಿ, ಬೇರೆ ಬಸ್ಸಲ್ಲಿ ನಮಗಿಂತ ಮೊದಲು ಬೆಳ್ಳಾರೆಗೆ ಮುಟ್ಟಿದ್ದರು, ಅಷ್ಟೆ” ಎಂದರು. ಆಮೇಲೆ ಸ್ವರ ತಗ್ಗಿಸಿ, ತಮ್ಮ ಎಲ್ಲ ಟೂರುಗಳ ಗುಟ್ಟನ್ನು ಬಿಚ್ಚಿದರು: “ನಮ್ಮದೇ ಅಡುಗೆಯವರು ಒಟ್ಟಿಗೆ ಬರ್ತಾರೆ. ಕುಚ್ಚಲಕ್ಕಿ ಇಲ್ಲಿಂದಲೇ. ಸಮುದ್ರದಿಂದ ಮೇಲೆ ಬರುವಾಗ ಬಿಸಿ ಗಂಜಿ, ಉಪ್ಪಿನಕಾಯಿ ತಯಾರ್.”

ಗಂಜಿ ಎಂದದ್ದೇ ತಡ, ಮನೆಯ ಹವೆ ಬದಲಾಯಿತು. ಚಿಕ್ಕಪ್ಪನ ಜೊತೆ ಬಂದಿದ್ದ ಚಿಕ್ಕಮ್ಮ ತಾನೂ ಬರುತ್ತೇನೆಂದರು. ಅವರ ತಂಗಿಗೂ ವಿಮಾನ ಹತ್ತಬೇಕೆಂದು ಆಸೆಯಂತೆ. ಅವ್ವ, “ನಾನು ನೀರಿಗೆ ಇಳಿಯುದಿಲ್ಲ, ದಡದಲ್ಲಿ ಕೂತು ಬಟ್ಟೆ ನೋಡಿಕೊಳ್ತೇನೆ” ಎಂದರು. ಜಗನ್ನಾಥಣ್ಣ ಬಸ್ಸಿನ ಮುಂದೆ ಕಟ್ಟುವ ಬ್ಯಾನರಿನ ಬಗ್ಗೆ ಮಾತಾಡತೊಡಗಿದರು. ನಾನು ಒಬ್ಬಳೇ, ಯಾರಿಗೂ ಹೇಳದೆ, ಮೌನಕ್ಕಾಗಿ ಹೊರಟಿದ್ದ ಪ್ರಯಾಣ ನನ್ನ ಕಣ್ಣೆದುರೇ ಅಡುಗೆಯವರ ಸಮೇತ ಒಂದು ಸಂಸಾರವಾಗಿ ಬೆಳೆಯುತ್ತಿತ್ತು.

ನಾನು ಎದ್ದು ನಿಂತೆ. “ಜಗನ್ನಾಥಣ್ಣ, ನೀವು ಕಾಶಿಗೆ ಕರೆದುಕೊಂಡು ಹೋಗುವುದರಲ್ಲಿ ನಿಪುಣರೆಂಬುದರಲ್ಲಿ ನನಗೆ ಸಂಶಯವಿಲ್ಲ. ಆದರೆ ನನಗೆ ಬೇಕಾದವರನ್ನು ನಾನು ಆರಿಸಿಯಾಗಿದೆ. ನನ್ನ ಕಿವಿ, ನನ್ನ ರಜೆ, ನನ್ನ ಶಾರ್ಕು. ದಯವಿಟ್ಟು ಇದರಲ್ಲಿ ಯಾರೂ ಸೇರಬಾರದು” ಎಂದೆ. ನನ್ನ ಜೀವಮಾನದಲ್ಲಿ ಅದಕ್ಕಿಂತ ಕಠೋರವಾಗಿ ಮಾತಾಡಿದ್ದಿಲ್ಲ. ಜಗನ್ನಾಥಣ್ಣ ಮೆಚ್ಚಿ ತಲೆಯಾಡಿಸಿ, “ಎಷ್ಟು ಚೆಂದ ಮಾತಾಡ್ತಾರೆ!” ಎಂದು ಅಪ್ಪನಿಗೆ ಹೇಳಿದರು. ಚಿಕ್ಕಪ್ಪನಿಗೆ ಮಾತ್ರ ಅರ್ಥವಾಗಿರಬೇಕು. “ಆಯ್ತು. ಓದಿದವರು. ನಿಮಗೆ ನಾವೆಲ್ಲ ಯಾಕೆ?” ಎಂದು ಚಾ ಅರ್ಧಕ್ಕೆ ಬಿಟ್ಟು ಜೀಪು ಹತ್ತಿದರು.

ಪುತ್ತೂರಿಗೆ ಮರಳಿ, ಇನ್ನೂ ಉರಿಯುತ್ತಲೇ, ಆ ಹೆಂಗಸಿಗೆ ಬರೆದೆ: ಕಿವಿ ಸರಿಯಾಗಿದೆ, ಆ ಜಾಗ ನನಗಿರಲಿ. ಉತ್ತರ ಬಂತು. ನನ್ನ ಸರ್ಟಿಫಿಕೇಟು ನೋಡಿದ್ದಾರೆ, ಸಂತೋಷ. ಆದರೆ ಶಾರ್ಕುಗಳ ನಡುವೆ ಇಳಿಸುವ ಮೊದಲು, ನನ್ನ ಜೊತೆ ನೀರಿಗಿಳಿದವರೊಬ್ಬರು ನನ್ನ ಬಗ್ಗೆ ಅವರಿಗೆ ಹೇಳಬೇಕು. ಕಾಗದ ಸಾಲದು. ನಾನು ನೀರಿನಡಿ ಹೇಗಿರುತ್ತೇನೆಂದು ಕಣ್ಣಾರೆ ಕಂಡವರ ಮಾತು ಬೇಕು. ಹಾಗೆ ಯಾರೂ ಇಲ್ಲದವರನ್ನು ಅವರು ದೋಣಿಗೆ ಹತ್ತಿಸುವುದಿಲ್ಲ. ಎರಡು ದಿನ ಕಾಯುತ್ತಾರೆ.

ನಾನು ಆ ಸಂದೇಶವನ್ನು ಮತ್ತೆ ಮತ್ತೆ ಓದಿದೆ. ಎಷ್ಟು ಸಲ ಓದಿದರೂ ಅದರ ಅರ್ಥ ಒಂದೇ: ಗುರ್ತ ಉಂಟಾ?

ನನ್ನ ಜೊತೆ ಇಳಿದವರು ಯಾರು? ಮುರುಡೇಶ್ವರದಲ್ಲಿ ಜೊತೆಗಿದ್ದವರು ವಾಟ್ಸಾಪ್ ಗ್ರೂಪು ಮಾಡಿ ನನ್ನನ್ನು ಸೇರಿಸಿದ್ದರು. ಅದೇ ಸಂಜೆ ಹೊರಬಂದಿದ್ದೆ. ಅಲ್ಲಿನ ತರಬೇತಿ ಕೇಂದ್ರದ ಫೋನು ಎತ್ತುವವರಿಲ್ಲ, ಮಳೆಗಾಲದಲ್ಲಿ ಅದು ಮುಚ್ಚಿರುತ್ತದೆ. ಕಲಿಸಿದ ತರಬೇತುದಾರನ ಹೆಸರು ಮಂಜುನಾಥ ಎಂಬುದು ಬಿಟ್ಟರೆ ನಂಬರು ಕೂಡ ನನ್ನಲ್ಲಿಲ್ಲ. ಕೊಡಲು ಬಂದಾಗ, ಬೇಕಾಗಲಿಕ್ಕಿಲ್ಲ ಎಂದಿದ್ದೆ. ಇಡೀ ಅರಬ್ಬೀ ಸಮುದ್ರದಲ್ಲಿ ನನ್ನನ್ನು ಬಲ್ಲವರು ಒಬ್ಬರೂ ಇರಲಿಲ್ಲ. ಇದನ್ನು ನಾನೇ, ಬಹಳ ಶ್ರಮಪಟ್ಟು, ಸಾಧಿಸಿದ್ದು.

ಎರಡನೆಯ ದಿನ ಸಂಜೆ ಮಂಡೆಕೋಲಿಗೆ ಫೋನು ಮಾಡಿದೆ. “ಚಿಕ್ಕಪ್ಪ, ಮುರುಡೇಶ್ವರದ ಕಡೆ ನಿಮಗೆ ಯಾರಾದರೂ ಗುರ್ತ ಉಂಟಾ?”

“ಜನದ ಹೆಸರೆಂತ?”

“ಮಂಜುನಾಥ.”

“ಮನೆ ಎಲ್ಲಿ?”

“ಗೊತ್ತಿಲ್ಲ.”

“ಮದುವೆ ಆಗಿದ್ಯಾ? ಯಾರ ಪೈಕಿ?”

“ಗೊತ್ತಿಲ್ಲ ಚಿಕ್ಕಪ್ಪ.”

“ಅವನ ಕೈ ಹಿಡ್ಕೊಂಡು ಅಷ್ಟು ಸಲ ಸಮುದ್ರದ ಅಡಿಗೆ ಹೋಗಿದ್ದಿ. ಮನೆ ಎಲ್ಲಿ ಅಂತ ಒಂದು ಮಾತು ಕೇಳ್ಲಿಲ್ವಾ?”

ಬಾಯಲ್ಲಿ ಗಾಳಿಯ ನಳಿಕೆ ಇತ್ತು ಎಂದು ಹೇಳಬಹುದಿತ್ತು. ಹೇಳಲಿಲ್ಲ. ಅವರೂ ಮುಂದೆ ಚುಚ್ಚಲಿಲ್ಲ. ಓದಿದವರು, ನಾವೆಲ್ಲ ಯಾಕೆ ಎಂದು ಮತ್ತೊಮ್ಮೆ ಅನ್ನಲೂ ಇಲ್ಲ. ಅಂದಿದ್ದರೆ ನಾನು ತಿರುಗಿ ಏನಾದರೂ ಅನ್ನಬಹುದಿತ್ತು. ಆ ಸುಖವನ್ನೂ ಕೊಡದೆ ಫೋನು ಇಟ್ಟರು. ನನ್ನ ಕುಕ್ಕರು ಕೂಗುವ ಮೊದಲೇ ಮಂಜುನಾಥನೇ ಫೋನು ಮಾಡಿದ. “ಮೇಡಂ, ನಿಮ್ಮ ಚಿಕ್ಕಪ್ಪ ಮಾತಾಡಿದ್ರು. ಎಂಥಾ ಒಳ್ಳೆ ಜನ! ಅವರ ಮಗಳ ಮದುವೆಗೆ ನಾನು ಬರ್ಲೇಬೇಕು ಅಂತ ಹೇಳಿದ್ದಾರೆ. ನಿಮಗೇನು ಬೇಕು ಹೇಳಿ.”

ಅವನು ಆ ಹೆಂಗಸಿಗೆ ನನ್ನ ಬಗ್ಗೆ ಹೇಳಿದ. ಜಾಗ ಸಿಕ್ಕಿತು. ಜೊತೆಗೆ ಆ ಹೆಂಗಸಿನಿಂದ ಒಂದು ಷರತ್ತೂ ಬಂತು: ನಿಮ್ಮ ತರಬೇತುದಾರರ ಪ್ರಕಾರ ನೀವು ಗಾಬರಿಯಾಗುವವರಲ್ಲ. ಆದರೆ ಜೊತೆಗಿರುವವರ ಕಡೆ ತಿರುಗಿಯೂ ನೋಡುವುದಿಲ್ಲ. ಶಾರ್ಕುಗಳ ನಡುವೆ ಅದು ನಡೆಯುವುದಿಲ್ಲ. ಆದ್ದರಿಂದ ನಮ್ಮಲ್ಲಿ ಮೊದಲ ಸಂಜೆ ಯಾರೂ ನೀರಿಗಿಳಿಯುವುದಿಲ್ಲ. ಎಲ್ಲರೂ ಒಟ್ಟಿಗೆ ಕೂತು, ಊಟ ಮಾಡಿ, ತಮ್ಮ ತಮ್ಮ ಊರು, ಮನೆ, ಕೆಲಸದ ಬಗ್ಗೆ ಮಾತಾಡಬೇಕು. ತಪ್ಪಿಸಿಕೊಳ್ಳುವಂತಿಲ್ಲ ಎಂದು ಬೇರೆಯಾಗಿ ಬರೆದಿದ್ದಾರೆ.

ಈಗ ದಿನವೂ ಕಾಲೇಜಿನಿಂದ ಬಂದು ಕನ್ನಡಿಯ ಎದುರು ನಿಂತು ಆ ಸಂಜೆಯ ಅಭ್ಯಾಸ ಮಾಡುತ್ತಿದ್ದೇನೆ. ಹೆಸರು ಹೇಳುವಲ್ಲಿಯವರೆಗೆ ತೊಂದರೆಯಿಲ್ಲ. ಆಮೇಲೆ ಮುಂದಿನ ವಾಕ್ಯ ಬಾರದೆ ಮತ್ತೆ ಹೆಸರಿನಿಂದಲೇ ಶುರುಮಾಡುತ್ತೇನೆ. ಶಾರ್ಕಿಗೆ ಹೆದರಲು ಇನ್ನೂ ಪುರಸೊತ್ತು ಸಿಕ್ಕಿಲ್ಲ.